ಕಿಟಕಿಗೆ ಪ್ಲಾಸ್ಟಿಕ್ ಕಟ್ಟಿದ ಮನೆ

ಲಂಡನ್ನಿನಿಂದ ಒಬ್ಬ ಓದುಗರು ಬರೆದಿದ್ದಾರೆ: “ನಮ್ಮದು ಒಂಬತ್ತನೇ ಮಹಡಿಯ ಫ್ಲ್ಯಾಟು. ಹೊರಗೋಡೆಗೆ ಹೊದಿಸಿದ ಹಲಗೆಗಳನ್ನು (ಕ್ಲ್ಯಾಡಿಂಗ್) ಬದಲಿಸಲು ಸಾರುವೆ ಕಟ್ಟಿ, ಇಡೀ ಕಟ್ಟಡಕ್ಕೆ ಪ್ಲಾಸ್ಟಿಕ್ ಹೊದಿಸಿ ಎಂಟು ತಿಂಗಳಾಯಿತು. ಊರಿಂದ ಬಂದ ಅಮ್ಮ ಹಗಲಲ್ಲೂ ದೀಪ ಹಾಕಿಕೊಂಡು ಕೂರುತ್ತಾರೆ. ಇಷ್ಟೆಲ್ಲ ಬೇಕಿತ್ತಾ?”

ಬೇಕಿತ್ತು. ನಿಮ್ಮ ಅಮ್ಮನ ಕಷ್ಟ ಓದಿ ಬೇಜಾರಾಯಿತು, ಆದರೂ ಬೇಕಿತ್ತು ಎಂದೇ ಹೇಳುತ್ತೇನೆ. 2017ರ ಜೂನ್ 14ರ ರಾತ್ರಿ ನಿಮ್ಮೂರಿನ ಗ್ರೆನ್‌ಫೆಲ್ ಟವರ್‌ನಲ್ಲಿ ನಾಲ್ಕನೇ ಮಹಡಿಯ ಒಂದು ಅಡುಗೆಮನೆಯಲ್ಲಿ ಬೆಂಕಿ ಹತ್ತಿತು. ಆ ಕಟ್ಟಡದ ಹೊರಗೆ ಹಾಕಿದ್ದ ಹಲಗೆಗಳಲ್ಲಿ ಎರಡು ತೆಳು ಅಲ್ಯೂಮಿನಿಯಂ ತಗಡಿನ ನಡುವೆ ಪಾಲಿಎಥಿಲೀನ್ ಇತ್ತು. ನಾವು ತರಕಾರಿ ತರುವ ಪ್ಲಾಸ್ಟಿಕ್ ಚೀಲವನ್ನು ಮಾಡುವುದು ಅದರಿಂದಲೇ. ಹಲಗೆಗೂ ಗೋಡೆಗೂ ನಡುವಿನ ಸಂದು ಚಿಮಣಿಯಂತಾಯಿತು. ಬೆಂಕಿ ಅರ್ಧ ಗಂಟೆಯೊಳಗೆ 24 ಮಹಡಿಯ ತುದಿ ಮುಟ್ಟಿತು. 72 ಜನ ಸತ್ತರು.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ. ಇವತ್ತು ರಾತ್ರಿ ಅಲಾರಾಂ ಹೊಡೆದರೆ ನೀವು ಮನೆಯೊಳಗೇ ಇರಬೇಕಾ, ಹೊರಗೆ ಓಡಬೇಕಾ? ಗ್ರೆನ್‌ಫೆಲ್‌ನಲ್ಲಿ ಅಗ್ನಿಶಾಮಕ ದಳದವರು ಬಾಗಿಲು ಹಾಕಿಕೊಂಡು ಒಳಗೇ ಇರಿ ಎಂದರು. ಆ ಮಾತು ಬದಲಾಗುವ ಹೊತ್ತಿಗೆ ಸುಮಾರು ಎರಡು ಗಂಟೆ ಕಳೆದಿತ್ತು. 2024ರ ಆಗಸ್ಟ್‌ನಲ್ಲಿ ಪೂರ್ವ ಲಂಡನ್ನಿನ ಡ್ಯಾಗೆನ್‌ಹ್ಯಾಮ್‌ನಲ್ಲಿ ಹೊತ್ತಿ ಉರಿದದ್ದು ನಿಮ್ಮದರಂಥದ್ದೇ ಕಟ್ಟಡ. ಅಲ್ಲೂ ಕ್ಲ್ಯಾಡಿಂಗ್ ತೆಗೆಯುವ ಕೆಲಸ ನಡೆಯುತ್ತಿತ್ತು, ಸಾರುವೆ ಇತ್ತು. ನಡುರಾತ್ರಿ 80ಕ್ಕೂ ಹೆಚ್ಚು ಜನ ಹೊರಗೆ ಬಂದರು, ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅಲಾರಾಂ ಕೇಳಿಸಲೇ ಇಲ್ಲ ಎಂದು ಕೆಲವರು ಆಮೇಲೆ ಹೇಳಿದರು.

ಹಾಗಾಗಿ ಕೆಲಸ ಬೇಗ ಮುಗಿಸಿ ಎಂದು ಜಗಳ ಆಡುವ ಮೊದಲು ಕಟ್ಟಡ ನೋಡಿಕೊಳ್ಳುವವರ ಹತ್ತಿರ ಇದನ್ನು ಕೇಳಿ. ಕೆಲಸ ಮುಗಿಯುವ ತನಕ ಯಾವ ನಿಯಮ, ಇರುವುದಾ ಓಡುವುದಾ? ಬರಹದಲ್ಲಿ ಕೊಡಲಿ. ಸಾರುವೆ ಯಾವ ಬಾಗಿಲಿಗೂ ಅಡ್ಡ ಬಂದಿಲ್ಲ ತಾನೇ? ಅಮ್ಮನಿಗೆ ಒಂಬತ್ತು ಮಹಡಿ ಮೆಟ್ಟಿಲು ಇಳಿಯಲು ಆಗುತ್ತಾ? ಆಗದಿದ್ದರೆ ಅದನ್ನು ಕಟ್ಟಡ ನೋಡಿಕೊಳ್ಳುವವರಿಗೆ ಇವತ್ತೇ ಬರೆದು ತಿಳಿಸಿ.

ಬೆಳಕಿನ ವಿಷಯಕ್ಕೆ ಬರುತ್ತೇನೆ. ಹಳೇ ಹಲಗೆ ಕಿತ್ತ ಗೋಡೆಗೆ ಮಳೆ ಬೀಳಬಾರದು, ಅದಕ್ಕೇ ಪ್ಲಾಸ್ಟಿಕ್ ಹೊದಿಸುತ್ತಾರೆ. ಆದರೆ ಎಲ್ಲಾ ಕಡೆ ಒಟ್ಟಿಗೆ, ವರ್ಷಗಟ್ಟಲೆ ಬಿಗಿಯಬೇಕೆಂದೇನೂ ಇಲ್ಲ. ಒಂದೊಂದೇ ಬದಿ ಮುಗಿಸುತ್ತಾ ತೆಗೆಯಬಹುದು. ಜನ ಹೀಗೆ ಕತ್ತಲಲ್ಲಿ, ಸೆಕೆಯಲ್ಲಿ ಬೇಯುತ್ತಿದ್ದುದನ್ನು ನೋಡಿಯೇ ಬ್ರಿಟನ್ ಸರ್ಕಾರ 2023ರಲ್ಲಿ ಗುತ್ತಿಗೆದಾರರಿಗೆ ಮಾರ್ಗಸೂಚಿ ಕೊಟ್ಟಿತು. ಬೆಳಕು, ಗಾಳಿ, ಮುಂಚಿತವಾಗಿ ಮಾಹಿತಿ, ಮೂರೂ ಅದರಲ್ಲಿವೆ. ಅದನ್ನು ಹಿಡಿದು ಕೇಳಿ, ಅಕ್ಕಪಕ್ಕದವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಒಬ್ಬರೇ ಕೇಳಿದರೆ ಉತ್ತರ ತಡವಾಗುತ್ತದೆ ಅಲ್ವಾ.

ಖರ್ಚಿನ ಬಗ್ಗೆ ಒಂದೇ ಮಾತು. ಬ್ರಿಟನ್ನಿನ 2022ರ ಕಟ್ಟಡ ಸುರಕ್ಷತಾ ಕಾನೂನಿನ ರಕ್ಷಣೆಗೆ ಬರುವ ಫ್ಲ್ಯಾಟ್ ಮಾಲೀಕರ ಮೇಲೆ ಕ್ಲ್ಯಾಡಿಂಗ್ ಬದಲಿಸುವ ಖರ್ಚು ಹೊರಿಸುವಂತಿಲ್ಲ. ನೀವು ಅದರಲ್ಲಿ ಬರುತ್ತೀರಾ ಎಂದು ವಕೀಲರ ಹತ್ತಿರ ತಿಳಿದುಕೊಳ್ಳದೆ ಯಾವ ಬಿಲ್ಲಿಗೂ ಸುಮ್ನೆ ದುಡ್ಡು ಕಟ್ಟಬೇಡಿ.

ಅಮ್ಮನ ಕೋಣೆಯ ಪ್ಲಾಸ್ಟಿಕ್ ತೆಗೆದ ದಿನ ನಮಗೆ ಎರಡು ಸಾಲು ಬರೆಯಿರಿ.

– ಸಂಪಾದಕ