ಬ್ಯಾಟರಿ ದೀಪ ಹತ್ತಿದರೆ ಬ್ಯಾಟರಿಯೇ ಹೋಗಿದೆ ಅಂತಲ್ಲ

ಸರ್, ನೀವು ಬರೆದದ್ದನ್ನು ಪೂರ್ತಿ ಓದಿದೆ. ಸಂಜೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಎ.ಸಿ., ಹೆಡ್‌ಲೈಟ್, ವೈಪರ್ ಎಲ್ಲ ಆನ್ ಇದ್ದಾಗ ಕೆಂಪು ಬ್ಯಾಟರಿ ದೀಪ ಮಿಣುಕುತ್ತದೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಹೋಗುತ್ತದೆ. ಗ್ಯಾರೇಜಿನವರು ಬ್ಯಾಟರಿ ಬದಲಾಯಿಸಿ ಅಂದಿದ್ದಾರೆ, ಆದರೆ ಅದಕ್ಕೆ ಇನ್ನೂ ಒಂದು ವರ್ಷವೂ ಆಗಿಲ್ಲ. ದಯವಿಟ್ಟು ಈಗಲೇ ಹೊಸ ಬ್ಯಾಟರಿ ತರಬೇಡಿ. ಮೊದಲು ಅಳೆದು ನೋಡಿ.

ಆ ದೀಪದಲ್ಲಿ ಬ್ಯಾಟರಿ ಚಿತ್ರ ಇದೆ ನಿಜ, ಆದರೆ ಅದು ಹೇಳುವುದು ಚಾರ್ಜಿಂಗ್ ಬಗ್ಗೆ. ಕೀ ತಿರುಗಿಸಿದಾಗ ಹತ್ತಬೇಕು, ಎಂಜಿನ್ ಸ್ಟಾರ್ಟ್ ಆದಮೇಲೆ ಆರಬೇಕು. ಗಾಡಿ ಓಡುವಾಗ ಹತ್ತಿದರೆ, ಎಂಜಿನ್ ಜೊತೆ ತಿರುಗಿ ಕರೆಂಟ್ ತಯಾರಿಸುವ ಆಲ್ಟರ್ನೇಟರ್‌ನಿಂದ ಬರಬೇಕಾದಷ್ಟು ಕರೆಂಟ್ ಬರುತ್ತಿಲ್ಲ ಎಂದರ್ಥ. ಬ್ಯಾಟರಿಯೇ ಹೋಗಿದ್ದರೆ ಸಾಮಾನ್ಯವಾಗಿ ಬೆಳಗ್ಗೆ ಸೆಲ್ಫ್ ತಗೊಳ್ಳುವುದಿಲ್ಲ. ನಿಮ್ಮ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ ಅಂತ ನೀವೇ ಬರೆದಿದ್ದೀರಿ, ಅಲ್ವಾ?

ಒಂದು ಮಲ್ಟಿಮೀಟರ್ ತಗೊಳ್ಳಿ. ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಮನೆಯಲ್ಲೂ ಉಪಯೋಗಕ್ಕೆ ಬರುತ್ತದೆ. ಡಿಸಿ 20 ವೋಲ್ಟ್‌ಗೆ ಇಟ್ಟು, ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿಯನ್ನು ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಅಳೆಯಿರಿ. 12.6 ಇದ್ದರೆ ತುಂಬಿದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಇಳಿದಿದ್ದರೆ ಖಾಲಿ ಎಂದೇ ಲೆಕ್ಕ. ಆಮೇಲೆ ಸ್ಟಾರ್ಟ್ ಮಾಡಿ ಅಳೆಯಿರಿ. 13.8ರಿಂದ 14.5ರ ನಡುವೆ ಇರಬೇಕು. ಕೊನೆಗೆ ಎ.ಸಿ., ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿ ಐಡಲ್‌ನಲ್ಲೇ, ಅಂದರೆ ಆಕ್ಸಿಲರೇಟರ್ ಒತ್ತದೆ, ಮತ್ತೆ ಅಳೆಯಿರಿ. ನಿಮಗೆ ಉತ್ತರ ಸಿಗುವುದು ಇಲ್ಲೇ. ಸ್ವಲ್ಪ ಇಳಿಯುವುದು ಸಹಜ, ಆದರೆ 13ಕ್ಕಿಂತ ಕೆಳಗೆ ಹೋಗಿ ಅಲ್ಲೇ ನಿಂತರೆ ಚಾರ್ಜಿಂಗ್‌ನಲ್ಲಿ ತೊಂದರೆ ಇದೆ. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಅದನ್ನು ಹಾಗೇ ಬಿಟ್ಟರೆ ಬ್ಯಾಟರಿ ಕುದಿದು ಹೋಗುತ್ತದೆ. ಇತ್ತೀಚಿನ ಕೆಲವು ಗಾಡಿಗಳಲ್ಲಿ ಆಲ್ಟರ್ನೇಟರನ್ನು ಇಸಿಯು (ಎಂಜಿನ್ನಿನ ಕಂಪ್ಯೂಟರ್) ನಿಯಂತ್ರಿಸುವುದರಿಂದ ರೀಡಿಂಗ್ ಏರಿಳಿಯುತ್ತಿರುತ್ತದೆ. ಅಂಥ ಗಾಡಿಯಾದರೆ ಒಂದೇ ರೀಡಿಂಗ್ ನೋಡಿ ತೀರ್ಮಾನಿಸಬೇಡಿ.

ರೀಡಿಂಗ್ ಕಡಿಮೆ ಬಂದರೂ ನೇರ ಆಲ್ಟರ್ನೇಟರ್ ಬಿಚ್ಚಿಸಬೇಡಿ. ಎಂಜಿನ್ ಆಫ್ ಮಾಡಿ, ತಣ್ಣಗಾದಮೇಲೆ ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟ್ ನೋಡಿ. ಒಳಗಿನ ಗೀರುಗಳು ಕನ್ನಡಿ ಥರ ಹೊಳೆಯುತ್ತಿದ್ದರೆ ಅಥವಾ ಅಡ್ಡ ಬಿರುಕು ಬಿಟ್ಟಿದ್ದರೆ ಅದು ಜಾರುತ್ತಿರಬಹುದು. ಮಳೆಯಲ್ಲಿ ಸ್ಟಾರ್ಟ್ ಮಾಡಿದ ತಕ್ಷಣ ಕೀಂಯ್ ಅಂತ ಕೂಗುತ್ತಿದ್ದರೂ ಅದೇ ಕಥೆ. ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್ ಸರಿಯಾದರೆ ಎಷ್ಟೋ ಸಲ ದೀಪವೂ ಆರುತ್ತದೆ.

ಮುಂದೆ ಬ್ಯಾಟರಿಗೆ ವೈರ್ ಸೇರುವ ಟರ್ಮಿನಲ್. ಕ್ಲ್ಯಾಂಪ್ ಹಿಡಿದು ಕೈಯಲ್ಲೇ ತಿರುಗಿಸಿ ನೋಡಿ. ಅಲುಗಾಡಲೇಬಾರದು. ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಮೊದಲು ನೆಗೆಟಿವ್ ಬಿಚ್ಚಿ, ಆಮೇಲೆ ಪಾಸಿಟಿವ್. ಬಿಸಿನೀರಿಗೆ ಅಡಿಗೆ ಸೋಡಾ ಹಾಕಿ ಹಳೇ ಬ್ರಷ್‌ನಲ್ಲಿ ಉಜ್ಜಿ, ಒಣಗಿಸಿ. ಜೋಡಿಸುವಾಗ ಪಾಸಿಟಿವ್ ಮೊದಲು. ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಕಣ್ಣಿಗೆ ಆ ಪುಡಿ ಹಾರದಂತೆ ನೋಡಿಕೊಳ್ಳಿ, ಅದು ಆಸಿಡ್‌ನಿಂದ ಆದದ್ದು.

ಇನ್ನೊಂದು ಪರೀಕ್ಷೆಯನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಎಂಜಿನ್ ಓಡುತ್ತಾ ಲೈಟ್ ಎಲ್ಲ ಆನ್ ಇರುವಾಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಎಂಜಿನ್‌ನ ಬರೀ ಲೋಹಕ್ಕೆ ಮುಟ್ಟಿಸಿ. ವೈರು, ಕೈ, ಬಟ್ಟೆ ಬೆಲ್ಟ್‌ನಿಂದ ದೂರ ಇರಲಿ. 0.2 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಬ್ಯಾಟರಿಯ ನೆಗೆಟಿವ್‌ನಿಂದ ಹೋಗುವ ಅರ್ತ್ ವೈರ್ ತುಕ್ಕು ಹಿಡಿದಿದೆ ಅಥವಾ ಸಡಿಲವಾಗಿದೆ. ಆ ವೈರ್ ಗಾಡಿಯ ಬಾಡಿಯ ಮೇಲೆ ಬೋಲ್ಟ್ ಆಗುವ ಜಾಗ ಉಜ್ಜಿ ಬಿಗಿ ಮಾಡಿದರೆ ಸಾಕಾಗಬಹುದು. ಅಂಡರ್‌ಪಾಸ್ ನೀರಿನಲ್ಲಿ ಇಳಿಸಿದ ಗಾಡಿಯಾದರೆ ಇದನ್ನು ಖಂಡಿತ ನೋಡಿ.

ಇಷ್ಟೆಲ್ಲ ಸರಿ ಇದ್ದೂ ದೀಪ ಮಿಣುಕಿದರೆ ಆಗ ಆಲ್ಟರ್ನೇಟರ್. ಐಡಲ್‌ನಲ್ಲಿ ಹತ್ತಿ, ರೇಸ್ ಮಾಡಿದರೆ ಆರುವುದಕ್ಕೆ ಅದರೊಳಗಿನ ಸವೆದ ಕಾರ್ಬನ್ ಬ್ರಷ್ ಒಂದು ಸಾಮಾನ್ಯ ಕಾರಣ. ದೀಪ ಮಂದವಾಗಿ ಹತ್ತಿಕೊಂಡೇ ಇದ್ದು, ನಿಂತ ಗಾಡಿಯ ಬ್ಯಾಟರಿಯೂ ರಾತ್ರೋರಾತ್ರಿ ಇಳಿಯುತ್ತಿದ್ದರೆ ಆಲ್ಟರ್ನೇಟರ್ ಒಳಗಿನ ಡಯೋಡ್ ಮೇಲೆ ಅನುಮಾನ. ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಇದನ್ನು ಬಿಚ್ಚಿ ಬ್ರಷ್, ಬೇರಿಂಗ್, ರೆಗ್ಯುಲೇಟರ್ ಮಾತ್ರ ಬದಲಾಯಿಸಿ ಕೊಡುತ್ತಾರೆ. ಬಿಡಿಭಾಗ ಬೇಕಾದರೆ ಜೆ.ಸಿ. ರಸ್ತೆ ಇದ್ದೇ ಇದೆ. ಸುಮ್ನೆ ಪೂರ್ತಿ ಹೊಸದು ಹಾಕಿಸಬೇಕಿಲ್ಲ, ವೈಂಡಿಂಗ್ ಸುಟ್ಟಿದ್ದರೆ ಬೇರೆ ಮಾತು.

ಗ್ಯಾರೇಜಿನಲ್ಲಿ ಯಾರಾದರೂ ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು "ನೋಡಿ, ಗಾಡಿ ನಿಲ್ಲಲಿಲ್ಲ, ಡೈನಮೋ (ಆಲ್ಟರ್ನೇಟರ್) ಚೆನ್ನಾಗಿದೆ" ಎಂದು ತೋರಿಸಲು ಬಂದರೆ ತಕ್ಷಣ ತಡೆಯಿರಿ. ವೈರ್ ಕಿತ್ತ ಕ್ಷಣ ವೋಲ್ಟೇಜ್ ಒಮ್ಮೆಲೆ ಜಿಗಿಯುತ್ತದೆ. ಇಸಿಯು, ಆಲ್ಟರ್ನೇಟರ್ ಎರಡೂ ಸುಡಬಹುದು. ಹಳೇ ಕಾಲದ ಗಾಡಿಗಳಲ್ಲಿ ಬಂದ ಅಭ್ಯಾಸ ಅದು. ಈಗಿನ ಗಾಡಿಗೆ ಬೇಡವೇ ಬೇಡ.

ಅಲ್ಲಿಯವರೆಗೆ ದಾರಿಯಲ್ಲಿ ದೀಪ ಹತ್ತಿಕೊಂಡೇ ಉಳಿದರೆ ಮೊದಲು ಟೆಂಪರೇಚರ್ ನೋಡಿ. ಕೆಲವು ಗಾಡಿಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತದೆ. ಟೆಂಪರೇಚರ್ ಏರುತ್ತಿದ್ದರೆ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ, ಟೋ ಕರೆಸಿ. ಏರದಿದ್ದರೆ ಎ.ಸಿ., ಮ್ಯೂಸಿಕ್, ಫೋನ್ ಚಾರ್ಜರ್ ಎಲ್ಲ ಆಫ್ ಮಾಡಿ ಹತ್ತಿರದ ಗ್ಯಾರೇಜಿಗೆ ಹೋಗಿ. ನಡುವೆ ಎಂಜಿನ್ ಆಫ್ ಮಾಡಬೇಡಿ, ಮತ್ತೆ ಸ್ಟಾರ್ಟ್ ಆಗದೆ ಹೋಗಬಹುದು. ಸ್ಟೀರಿಂಗ್ ದೀಪ, ಎಬಿಎಸ್ ದೀಪ ಒಂದೊಂದೇ ಸೇರಿಕೊಂಡರೆ ಬ್ಯಾಟರಿ ಮುಗಿಯುತ್ತಾ ಬಂದಿದೆ. ಫ್ಲೈಓವರ್ ಹತ್ತುವ ಸಾಹಸ ಬೇಡ, ಸರ್ವಿಸ್ ರಸ್ತೆಯಲ್ಲೇ ನಿಲ್ಲಿಸಿ.

ನಾಳೆ ಬೆಳಗ್ಗೆ ಆ ಮೂರು ರೀಡಿಂಗ್ ತೆಗೆದು ಇಲ್ಲೇ ಹಾಕಿ. ಜೊತೆಗೆ ಗಾಡಿಯ ಮಾಡೆಲ್, ವರ್ಷ ಮತ್ತು ಬೆಲ್ಟ್‌ನ ಒಂದು ಸ್ಪಷ್ಟ ಫೋಟೋ ಇರಲಿ. ನೋಡಿ ಮುಂದೇನು ಅಂತ ಹೇಳುತ್ತೇನೆ.