ಚರ್ಚಿನಲ್ಲಿ ಸೇವೆ ಮಾಡಿದರೆ ವಿಶ್ವಾಸ ಬೆಳೆಯುತ್ತದಾ? ಎಲ್ಲಿಂದ ಶುರು ಮಾಡಲಿ?

ಹುಬ್ಬಳ್ಳಿಯಿಂದ ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಎರಡು ವರ್ಷವಾಯಿತು, ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತೇನೆ, ಆದರೆ ಕೊನೆಯ ಬೆಂಚಿನಲ್ಲಿ ಕೂತು ಎದ್ದು ಬರುವುದಷ್ಟೇ ಆಗಿದೆ, ಸ್ವಯಂಸೇವೆಗೆ ಸೇರಿದರೆ ಏನಾದರೂ ಬದಲಾದೀತಾ ಎಂದು ಕೇಳಿದ್ದೀರಿ. ಕಥೋಲಿಕರೋ ಸಿ.ಎಸ್.ಐ.ನವರೋ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್ ಸಭೆಯವರೋ) ಹೇಳಿಲ್ಲ, ಹಾಗಾಗಿ ಎರಡಕ್ಕೂ ಹೊಂದುವಂತೆ ಬರೆಯುತ್ತೇನೆ.

ಬೆಳೆಯುತ್ತದೆ, ಆದರೆ ಎಲ್ಲ ಸೇವೆಯಿಂದಲೂ ಒಂದೇ ಥರ ಅಲ್ಲ. ವಾರದ ನಡುವೆ ಬೈಬಲ್ ತೆರೆಯುವಂತೆ ಮಾಡುವ ಸೇವೆಯನ್ನೋ, ಹೆಸರು ಹಿಡಿದು ಪ್ರಾರ್ಥಿಸಬೇಕಾದ ಒಬ್ಬ ಮನುಷ್ಯನ ಎದುರು ನಿಮ್ಮನ್ನು ಕೂರಿಸುವ ಸೇವೆಯನ್ನೋ ಹಿಡಿಯಿರಿ. ಪಾರ್ಕಿಂಗ್ ನೋಡುವುದು, ಕುರ್ಚಿ ಹಾಕುವುದು, ಸೌಂಡ್ ಸಿಸ್ಟಂ, ಇವು ಕೀಳು ಕೆಲಸಗಳಲ್ಲ. ಅಪೊಸ್ತಲರ ಕೃತ್ಯಗಳು 6ರಲ್ಲಿ ಊಟ ಬಡಿಸುವ ಏರ್ಪಾಡಿಗೇ ಪವಿತ್ರಾತ್ಮಭರಿತರಾದ ಏಳು ಮಂದಿಯನ್ನು ಆರಿಸಿದರು. ಆದರೆ ಮನಸ್ಸು ಒಣಗಿರುವಾಗ ಶುರುವಿಗೇ ಇವು ಬೇಡ. ಪ್ರಸಂಗ ನಡೆಯುತ್ತಿದ್ದಾಗ ನಿಮ್ಮ ಗಮನ ಗೇಟಿನ ಕಡೆಗೋ ಮೈಕಿನ ಕಡೆಗೋ ಇರುತ್ತದೆ.

ನನ್ನ ಮೊದಲ ಆಯ್ಕೆ ವಾಕ್ಯ ಓದುವ ಸೇವೆ, ಅಂದರೆ ಆರಾಧನೆಯಲ್ಲಿ ಅಂದಿನ ಬೈಬಲ್ ಪಾಠವನ್ನು ಸಭೆಗೆ ಓದಿ ಹೇಳುವುದು. ಎರಡೇ ನಿಮಿಷದ ಕೆಲಸ ಎನಿಸುತ್ತದೆ, ಸರಿಯಾಗಿ ಮಾಡಿದರೆ ಇಡೀ ವಾರದ ಧ್ಯಾನವಾಗುತ್ತದೆ. ಮುಂದಿನ ಭಾನುವಾರದ ಪಾಠ ಯಾವುದೆಂದು ಹಿಂದಿನ ಭಾನುವಾರವೇ ಕೇಳಿಕೊಳ್ಳಿ. ಕಥೋಲಿಕರಲ್ಲಿ ಭಾನುವಾರದ ವಾಚನಗಳು ಮೂರು ವರ್ಷದ ಚಕ್ರದಲ್ಲಿ ಬರುತ್ತವೆ, ಸಾಧಾರಣ ಕಾಲದಲ್ಲಿ (ಕ್ರಿಸ್‌ಮಸ್, ಈಸ್ಟರ್ ಮತ್ತು ಅವುಗಳ ಸಿದ್ಧತೆಯ ದಿನಗಳನ್ನು ಬಿಟ್ಟ ಉಳಿದ ಕಾಲ) ಮೊದಲನೆಯ ವಾಚನವನ್ನು ಅಂದಿನ ಶುಭಸಂದೇಶಕ್ಕೆ (ಸುವಾರ್ತೆಯ ಭಾಗಕ್ಕೆ) ಹೊಂದಿಸಿಯೇ ಇಟ್ಟಿರುತ್ತಾರೆ. ಆದ್ದರಿಂದ ಸೋಮವಾರ ಮೊದಲು ಶುಭಸಂದೇಶ ಓದಿ, ಆಮೇಲೆ ನಿಮ್ಮ ಪಾಠ ಓದಿ. ಈ ಪಾಠ ಇಲ್ಲಿ ಯಾಕೆ ಬಂತು ಎಂದು ಹುಡುಕುವುದರಲ್ಲೇ ಅರ್ಧ ಬೆಳವಣಿಗೆ ಇದೆ. ಬುಧವಾರ ಹಿಂದಿನ ಅಧ್ಯಾಯವನ್ನೂ ಓದಿ, ಮಾತು ಯಾರದು, ಯಾರಿಗೆ ಎಂದು ಗೊತ್ತಾಗಲಿ. ಶುಕ್ರವಾರ, ಶನಿವಾರ ಎರಡೆರಡು ಸಲ ಜೋರಾಗಿ ಓದಿ, ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಪೆನ್ಸಿಲ್ ಗೆರೆ ಹಾಕಿ. ನೆಬೂಕದ್ನೆಚ್ಚರ, ಎಪಫ್ರೊದೀತ ಥರದ ಹೆಸರುಗಳನ್ನು ಬಿಡಿಸಿ ಬರೆದುಕೊಳ್ಳಿ.

ಕನ್ನಡದಲ್ಲಿ ಓದುವವರು ಹೆಚ್ಚಾಗಿ ತಪ್ಪುವುದು ವಾಕ್ಯದ ಕೊನೆಯಲ್ಲಿ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅಷ್ಟು ಹೊತ್ತಿಗೆ ಉಸಿರು ಮುಗಿದು ದನಿ ಇಳಿದಿರುತ್ತದೆ. ಮನುಷ್ಯಕುಮಾರನು ಸೇವೆ ಮಾಡಿಸಿಕೊಳ್ಳುವುದಕ್ಕೆ ಬರಲಿಲ್ಲ ಎನ್ನುವಲ್ಲಿ ಆ ‘ಇಲ್ಲ’ವನ್ನು ನುಂಗಿದರೆ ಮಾರ್ಕ 10:45 ತಲೆಕೆಳಗಾಗಿ ಕೇಳಿಸುತ್ತದೆ. ಕೊನೆಯ ಪದಕ್ಕೂ ಉಸಿರು ಉಳಿಸಿಕೊಳ್ಳಿ. ಮೈಕು ಬಾಯಿಂದ ನಾಲ್ಕು ಬೆರಳು ದೂರ, ತುಸು ಓರೆಯಾಗಿ ಇರಲಿ, ಇಲ್ಲದಿದ್ದರೆ ‘ಪ’, ‘ಭ’ ಬಂದಾಗಲೆಲ್ಲ ಧಪ್ ಎನ್ನುತ್ತದೆ.

ಎರಡನೆಯದು ಮನೆಭೇಟಿ. ವಯಸ್ಸಾಗಿ, ಕಾಯಿಲೆಯಾಗಿ ಚರ್ಚಿಗೆ ಬರಲಾಗದವರ ಪಟ್ಟಿ ಸಾಮಾನ್ಯವಾಗಿ ಅಯ್ಯನವರ (ಸಭಾಪಾಲಕರ) ಬಳಿ ಇದ್ದೇ ಇರುತ್ತದೆ. ಕಥೋಲಿಕ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ಡಿ ಪಾಲ್ ಸಂಘ ಇದ್ದರೆ ಅದಕ್ಕೆ ಸೇರಿ, 1833ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದಾಗಿನಿಂದ ಬಡವರ ಮನೆಗೆ ಹೋಗುವುದೇ ಅದರ ಮುಖ್ಯ ಕೆಲಸ. ಒಬ್ಬರೇ ಹೋಗಬೇಡಿ, ಇಬ್ಬರು ಹೋಗಿ. ಮೊದಲೇ ಫೋನ್ ಮಾಡಿ. ಹಿರಿಯರಿಗೆ ಬೆಳಗ್ಗೆ ಹತ್ತೂವರೆಯಿಂದ ಹನ್ನೊಂದೂವರೆ ಒಳ್ಳೆಯ ಹೊತ್ತು, ಸ್ನಾನ ತಿಂಡಿ ಮುಗಿದಿರುತ್ತದೆ, ಮಧ್ಯಾಹ್ನದ ನಿದ್ದೆ ಇನ್ನೂ ಬಂದಿರುವುದಿಲ್ಲ. ಯಾವ ಕಿವಿ ಚೆನ್ನಾಗಿ ಕೇಳಿಸುತ್ತದೆ ಎಂದು ಕೇಳಿ ಆ ಪಕ್ಕ ಕೂರಿ. ಫೋನ್ ಜೇಬಿನಲ್ಲಿರಲಿ. “ಅಜ್ಜಿ, ಯಾವ ಕೀರ್ತನೆ ಓದಲಿ?” ಎಂದು ಅವರನ್ನೇ ಕೇಳಿ. ಅವರಿಗೆ ತೋಚದಿದ್ದರೆ 23 ಅಥವಾ 121 ಓದಿ, ನಿಧಾನವಾಗಿ. ಎಷ್ಟೋ ಸಲ ಅವರ ತುಟಿ ನಿಮಗಿಂತ ಮುಂದೆ ಹೋಗುತ್ತಿರುತ್ತದೆ, ಆಗ ನೀವು ದನಿ ತಗ್ಗಿಸಿ ಅವರ ಹಿಂದೆ ಹೋಗಿ. 25 ನಿಮಿಷಕ್ಕೆ ಏಳಿ.

ಮನೆಯವರನ್ನು ಕಳೆದುಕೊಂಡವರ ಮುಂದೆ “ಎಲ್ಲ ದೇವರ ಚಿತ್ತ” ಎನ್ನಬೇಡಿ. ನಿಜವಾದ ಮಾತೇ ಆದರೂ ಆ ಹೊತ್ತಿಗೆ ಅದು ಬಾಯಿ ಮುಚ್ಚಿಸುವ ಮಾತು. ದುಡ್ಡಿನ, ಆಸ್ಪತ್ರೆಯ ಭರವಸೆ ಕೊಡಬೇಡಿ, ಅಗತ್ಯ ಕಂಡರೆ ಅಯ್ಯನವರಿಗೆ ಅಥವಾ ಫಾದರ್‌ಗೆ ತಿಳಿಸಿ. ಕೇಳಿದ್ದನ್ನು ಬೇರೆಯವರಿಗೆ ಹೇಳಬೇಡಿ, ಫೋಟೋ ಬೇಡವೇ ಬೇಡ. ಹತ್ತು ಮನೆಗೆ ಒಮ್ಮೆ ಹೋಗುವುದಕ್ಕಿಂತ ಎರಡೇ ಮನೆಗೆ ಪ್ರತಿ ತಿಂಗಳು ಹೋಗಿ. ಆ ಇಬ್ಬರ ಹೆಸರನ್ನು ದಿನಾ ರಾತ್ರಿ ದೇವರ ಮುಂದೆ ಹೇಳುವಾಗ ಪ್ರಾರ್ಥನೆ ಬಾಯಿಪಾಠವಾಗಿ ಉಳಿಯುವುದಿಲ್ಲ.

ಸಂಡೇ ಸ್ಕೂಲ್ ಕೂಡ ಒಳ್ಳೆಯದೇ, ಆದರೆ ವರ್ಷಪೂರ್ತಿ ಸಿಗುತ್ತೀರಾ ಎಂದು ಯೋಚಿಸಿ, ಮಕ್ಕಳು ಟೀಚರ್ ಬದಲಾದರೆ ಸೊರಗುತ್ತಾರೆ. ಅನುಮಾನವಿದ್ದರೆ ಬೇಸಿಗೆ ರಜೆಯ ವಿ.ಬಿ.ಎಸ್.ನಲ್ಲಿ (ಮಕ್ಕಳ ರಜಾ ಬೈಬಲ್ ಶಾಲೆಯಲ್ಲಿ) ಸಹಾಯಕರಾಗಿ ನಿಂತು ನೋಡಿ. ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಬೇಕು, ಬಾಗಿಲು ತೆರೆದಿರಬೇಕು. ಮಗುವಿಗೆ ಲೈಂಗಿಕ ಕಿರುಕುಳವಾಗಿದೆ ಎಂದು ಗೊತ್ತಾದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಸಭೆಯೊಳಗೇ ಮಾತಾಡಿ ಮುಗಿಸುವಂತಿಲ್ಲ. ಮಕ್ಕಳ ಸಹಾಯವಾಣಿ 1098.

ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಹಬ್ಬ ಸೆಪ್ಟೆಂಬರ್ 8ಕ್ಕೆ, ಅದರ ಹಿಂದಿನ ನವೇನ (ಒಂಬತ್ತು ದಿನಗಳ ಪ್ರಾರ್ಥನೆ) ದಿನಗಳಲ್ಲಿ ಸ್ವಯಂಸೇವಕರು ಬೇಕೇ ಬೇಕು. ಖಂಡಿತ ಹೋಗಿ. ಆದರೆ ಸರತಿ ಸಾಲು ನೋಡಿಕೊಳ್ಳುವ ಆ ಗದ್ದಲದಲ್ಲಿ ನಿಮ್ಮನ್ನು ಪಕ್ಕಕ್ಕೆ ಕರೆದು ತಿದ್ದುವವರು ಸಿಗುವುದು ಕಷ್ಟ. ಬೇರು ಬಿಡಲು ಬೇಕಾದದ್ದು ವಾರವಾರ ಮುಖ ನೋಡುವ ಸಭೆ. ಕನ್ನಡ ಆರಾಧನೆಗೆ ಕಾರ್ಪೊರೇಷನ್ ವೃತ್ತದ ಹಡ್ಸನ್ ಸ್ಮಾರಕ ಚರ್ಚು, ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಇವೆ, ಆದರೂ ನೀವು ವೈಟ್‌ಫೀಲ್ಡ್‌ನಲ್ಲಿದ್ದರೆ ಹತ್ತಿರದ ಕನ್ನಡ ಸಭೆಯನ್ನೇ ಹುಡುಕಿ. ಭಾನುವಾರ ಮೆಟ್ರೋ ಕೂಡ ತಡವಾಗಿ ಶುರುವಾಗುತ್ತದೆ. ಅರ್ಧ ದಿನ ದಾರಿಯಲ್ಲೇ ಕಳೆದರೆ ನಾಲ್ಕನೇ ತಿಂಗಳಿಗೆ ಸೇವೆ ಕೈಬಿಡುತ್ತೀರಿ.

ಇನ್ನೊಂದು ಅಪಾಯ ಒಳ್ಳೆಯವರಿಗೇ ಬರುವಂಥದ್ದು. ಚುರುಕಾದವರು ಸಿಕ್ಕರೆ ಎಲ್ಲರೂ ಕರೆಯುತ್ತಾರೆ: ಗಾಯನಮಂಡಳಿ, ಕಾಣಿಕೆ ಎಣಿಕೆ, ಯುವಜನ ಕೂಟ. ಆರು ತಿಂಗಳಲ್ಲಿ ಕೈಯಲ್ಲಿ ನಾಲ್ಕು ಜವಾಬ್ದಾರಿ, ಮನಸ್ಸಿನಲ್ಲಿ ಗೊಣಗಾಟ. ಲೂಕ 10ರ ಮಾರ್ಥಳ ಅವಸ್ಥೆ ಇದೇ. ಮೊದಲ ವರ್ಷ ಒಂದೇ ಸೇವೆ ಇರಲಿ. ಒಂದು ಆರಾಧನೆಯಲ್ಲಿ ಓಡಾಡುವ ಕೆಲಸವಿದ್ದರೆ ಇನ್ನೊಂದರಲ್ಲಿ ಸುಮ್ಮನೆ ಕೂರಿ, ಇಲ್ಲಿ ಎಷ್ಟೋ ಚರ್ಚುಗಳಲ್ಲಿ ಭಾನುವಾರ ಎರಡು ಮೂರು ಆರಾಧನೆ ಇರುತ್ತವೆ. ಸಮಿತಿ ಚುನಾವಣೆ ಬಂದಾಗ ಯಾರ ಗುಂಪಿಗೂ ಸೇರಬೇಡಿ. ನಿಮ್ಮ ಓದನ್ನು ಯಾರಾದರೂ ತಿದ್ದಿದಾಗ ಸಿಟ್ಟು ಬಂದರೆ ಅದನ್ನೂ ಅಂದಿನ ಪ್ರಾರ್ಥನೆಗೆ ತನ್ನಿ, ಸೇವೆ ನಮ್ಮನ್ನು ಉಳುವುದು ಅಲ್ಲೇ.

ಇನ್ನು ಕೇಳುವ ಬಗೆ. ಆರಾಧನೆ ಮುಗಿದು ಬಾಗಿಲಲ್ಲಿ ಜನ ಕೈಕುಲುಕುತ್ತಿರುವಾಗ ಕೇಳಬೇಡಿ, ವಾರದ ನಡುವೆ ಫೋನ್ ಮಾಡಿ ಹೋಗಿ. “ಏನಾದರೂ ಕೆಲಸ ಕೊಡಿ” ಎಂದರೆ ಕುರ್ಚಿಯೇ ಸಿಗುತ್ತದೆ. “ಅಯ್ಯನವರೇ, ತಿಂಗಳಿಗೊಂದು ಭಾನುವಾರ ವಾಕ್ಯ ಓದುತ್ತೇನೆ, ಒಂದು ಶನಿವಾರ ಮನೆಭೇಟಿಗೆ ಬರುತ್ತೇನೆ, ಆರು ತಿಂಗಳು ನೋಡಿ ಹೇಳಿ” ಎನ್ನಿ. ಓದುವುದೂ ಭೇಟಿಯೂ ಸೇರಿ ತಿಂಗಳಿಗೆ ಎರಡೇ ದಿನ, ಆ ಒಂದು ಸೇವೆಯ ಲೆಕ್ಕಕ್ಕೇ ಬರುತ್ತದೆ. ಊರಿನ ಸಭೆಯಿಂದ ಪತ್ರ ತಂದಿದ್ದೀರಾ ಎಂದು ಕೇಳಬಹುದು. ಹುಬ್ಬಳ್ಳಿಯ ಸಿ.ಎಸ್.ಐ. ಸಭೆ ಕರ್ನಾಟಕ ಉತ್ತರ ಡಯಾಸಿಸ್‌ಗೆ (ಧರ್ಮಪ್ರಾಂತ್ಯಕ್ಕೆ) ಸೇರಿದ್ದು, ಬೆಂಗಳೂರಿನದು ಕರ್ನಾಟಕ ಮಧ್ಯ ಡಯಾಸಿಸ್‌ಗೆ, ಆದ್ದರಿಂದ ಸದಸ್ಯತ್ವ ವರ್ಗಾವಣೆ ಪತ್ರವನ್ನು ಈ ಸಲ ಊರಿಗೆ ಹೋದಾಗಲೇ ಬರೆಸಿಕೊಂಡು ಬನ್ನಿ. ಕಥೋಲಿಕರಾದರೆ ಧರ್ಮಕೇಂದ್ರದ ಕಚೇರಿಯಲ್ಲಿ ಮೊದಲು ಹೆಸರು ನೋಂದಾಯಿಸಿ, ಆಮೇಲೆ ಫಾದರ್‌ನ್ನು ಕಾಣಿ.