ಮೊಬೈಲಿನಲ್ಲಿ ‘ಡೆಲಿವರ್ಡ್’, ಮನೆಯಲ್ಲಿ ಪಾರ್ಸಲ್ಲೇ ಇಲ್ಲ!

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಕಳೆ ಹೊಡೆಯೋ ಮೆಷಿನ್‌ಗೆ ಆನ್‌ಲೈನ್‌ನಲ್ಲಿ ಆರ್ಡರ್ ಹಾಕಿ 11,500 ರೂಪಾಯಿ ಡೆಬಿಟ್ ಕಾರ್ಡಿನಲ್ಲಿ ಮೊದಲೇ ಕಟ್ಟಿದ್ದೆ. ಹೋದ ವಾರ ‘ಡೆಲಿವರ್ಡ್’ ಅಂತ ಮೆಸೇಜ್ ಬಂತು, ಮನೆಗೆ ಮಾತ್ರ ಯಾರೂ ಬಂದಿಲ್ಲ. ಕಸ್ಟಮರ್ ಕೇರ್‌ನವರು ‘ನಮ್ಮ ದಾಖಲೆ ಪ್ರಕಾರ ತಲುಪಿದೆ’ ಅಂತ ಅದನ್ನೇ ಹೇಳ್ತಾರೆ. ದುಡ್ಡು ಹೋಯ್ತು ಅಂತಲೇ ಲೆಕ್ಕನಾ ಸರ್?

ಉತ್ತರ: ಹೋಗಿಲ್ಲ. ಆದರೆ ಒಂದು ವಾರ ಕಾದಿದ್ದು ಸಾಕು, ಇವತ್ತೇ ಶುರು ಮಾಡಿ.

ಮೊದಲು ನಿಮ್ಮ ಬಸ್ ಸ್ಟಾಪಿನ ಅಂಗಡಿ, ಬೇಕರಿ, ಹಾಲಿನ ಡೈರಿಯಲ್ಲಿ ವಿಚಾರಿಸಿ. ಮಳೆಗಾಲದಲ್ಲಿ ತೋಟದ ಮಣ್ಣು ರಸ್ತೆಗೆ ಬೈಕ್ ಇಳಿಸಲು ಡೆಲಿವರಿ ಹುಡುಗರು ಹಿಂಜರಿಯುತ್ತಾರೆ, ಫೋನ್ ಮಾಡೋಣ ಅಂದರೆ ನಿಮ್ಮಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಕೊನೆಗೆ ಗೊತ್ತಿರುವ ಅಂಗಡಿಯಲ್ಲಿ ಇಟ್ಟು ‘ಡೆಲಿವರ್ಡ್’ ಒತ್ತಿ ಹೋಗಿರುತ್ತಾರೆ. ಅಲ್ಲಿ ಸಿಕ್ಕರೆ ವಿಷಯ ಅಲ್ಲಿಗೇ ಮುಗಿಯಿತು.

ಸಿಗಲಿಲ್ಲವಾ? ಇನ್ನು ಫೋನಿನಲ್ಲಿ ವಾದ ಮಾಡಬೇಡಿ. ಪ್ರತಿ ಸಲ ಬೇರೆ ಬೇರೆಯವರು ಫೋನ್ ಎತ್ತುತ್ತಾರೆ, ನೀವು ಪ್ರತಿ ಸಲ ಮೊದಲಿಂದ ಕಥೆ ಹೇಳಬೇಕು, ನಾಳೆ ತೋರಿಸೋಕೆ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. ಆ್ಯಪಿನಲ್ಲೇ ದೂರು ಹಾಕಿ, ಟಿಕೆಟ್ ನಂಬರ್ ತಗೊಳ್ಳಿ, ಅದನ್ನೇ ಇಮೇಲ್‌ನಲ್ಲೂ ಬರೆಯಿರಿ. ‘ಯಾವಾಗ ಕೊಡ್ತೀರಿ’ ಅಂತ ಕೇಳುವುದು ಬೇಡ. ಯಾರ ಕೈಗೆ ಕೊಟ್ಟಿರಿ, ಸಹಿ ಯಾರದು, ಫೋಟೋ ಎಲ್ಲಿ, ಓಟಿಪಿ ಯಾವ ನಂಬರಿಗೆ ಹೋಯಿತು ಅಂತ ಕೇಳಿ. ತಲುಪಿಸಿದ್ದೇವೆ ಅಂತ ಹೇಳುವವರು ಅವರು, ತೋರಿಸಬೇಕಾದವರೂ ಅವರೇ ಅಲ್ವಾ?

ಒಂದು ಮಾತು ನೆನಪಿಸಿಕೊಳ್ಳಿ. ಆ ಹುಡುಗ ಫೋನ್ ಮಾಡಿ ‘ಓಟಿಪಿ ಹೇಳಿ ಸರ್, ಅಂಗಡೀಲಿ ಇಟ್ಟಿರ್ತೀನಿ’ ಅಂದಿದ್ದನಾ, ನೀವು ಹೇಳಿದ್ದಿರಾ? ಹೇಳಿದ್ದರೆ ನಿಮ್ಮ ವಾದಕ್ಕೆ ಸ್ವಲ್ಪ ಬಲ ಕಡಿಮೆ. ಆದರೂ ನಡೆದದ್ದನ್ನು ನಡೆದ ಹಾಗೇ ಬರೆಯಿರಿ, ಮುಚ್ಚಿಡಬೇಡಿ. ಕರೆ ಬಂದ ನಂಬರ್, ಸಮಯ ಎರಡೂ ನಿಮ್ಮ ಮೊಬೈಲಿನಲ್ಲೇ ಇರುತ್ತವೆ.

ನಿಮ್ಮ ಕೈಲಿರುವ ಬಲ 2020ರ ಇ-ಕಾಮರ್ಸ್ ನಿಯಮಗಳು. ಈ ಕಂಪನಿಗಳು ಕುಂದುಕೊರತೆ ಅಧಿಕಾರಿ ಒಬ್ಬರನ್ನು ನೇಮಿಸಿ ಅವರ ಹೆಸರು, ಸಂಪರ್ಕ ವಿವರ ಸೈಟಿನಲ್ಲೇ ಹಾಕಿರಬೇಕು. ದೂರು ಬಂದಿದೆ ಅಂತ 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆ ಹೆಸರು ಸಾಮಾನ್ಯವಾಗಿ ಪೇಜಿನ ತೀರಾ ಕೆಳಗೆ, ಇರುವೆ ಅಕ್ಷರದಲ್ಲಿ ಇರುತ್ತದೆ. ಹುಡುಕಿ, ಅವರ ಹೆಸರಿಗೇ ಇಮೇಲ್ ಕಳಿಸಿ. ಕಸ್ಟಮರ್ ಕೇರ್‌ಗೆ ಹತ್ತು ಸಲ ಫೋನ್ ಮಾಡುವುದಕ್ಕಿಂತ ಈ ಒಂದು ಇಮೇಲ್ ಜಾಸ್ತಿ ಕೆಲಸ ಮಾಡುತ್ತದೆ.

ಜೊತೆಗೇ ನಿಮ್ಮ ಬ್ಯಾಂಕಿಗೆ ಹೋಗಿ ‘ಚಾರ್ಜ್‌ಬ್ಯಾಕ್’ ಅರ್ಜಿ ಕೊಡಿ. ಕಾರ್ಡಿನಲ್ಲಿ ದುಡ್ಡು ಕಟ್ಟಿ ಸಾಮಾನು ಬರದಿದ್ದರೆ, ಅಂಗಡಿಯವರ ಬ್ಯಾಂಕಿನಿಂದ ಆ ದುಡ್ಡು ವಾಪಸ್ ಕೇಳುವ ದಾರಿ ಇದು. ವೀಸಾ, ಮಾಸ್ಟರ್‌ಕಾರ್ಡ್‌ಗಳಲ್ಲಿ ಇದಕ್ಕೆ ಸಾಮಾನ್ಯವಾಗಿ 120 ದಿನದ ಗಡುವು. ಸಣ್ಣ ಶಾಖೆಯಲ್ಲಿ ಕೆಲವು ಸಲ ‘ಅಂಥದ್ದೇನೂ ಇಲ್ಲ’ ಅಂತ ಹೇಳಿ ಕಳಿಸುತ್ತಾರೆ. ಹಾಗಾದರೆ ಬ್ಯಾಂಕಿನ ಕಾರ್ಡ್ ವಿಭಾಗಕ್ಕೆ ನೇರ ಬರೆಯಿರಿ. ‘ಕಂಪನಿಯವರು ನೋಡ್ತೀವಿ ಅಂದಿದ್ದಾರಲ್ಲ’ ಅಂತ ಕಾಯುತ್ತಾ ಕೂತು ಈ ಗಡುವು ಕಳೆದುಕೊಂಡವರು ಬಹಳ.

ಕಂಪನಿ ಜಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅವರು ತೀರ್ಪು ಕೊಡುವವರಲ್ಲ, ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುತ್ತಾರೆ. ದೂರು ಇಲ್ಲಿಗೆ ಬಂದಾಗ ದೊಡ್ಡ ಕಂಪನಿಗಳು ಸಾಮಾನ್ಯವಾಗಿ ದಾರಿಗೆ ಬರುತ್ತವೆ. ಅದೂ ಆಗಲಿಲ್ಲ ಅಂದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕಂಪನಿ ಬೆಂಗಳೂರಿನಲ್ಲಿರಲಿ, ದೆಹಲಿಯಲ್ಲಿರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಮಾಡುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಗಡುವು ಎರಡು ವರ್ಷ. ನನ್ನ ಅಭಿಪ್ರಾಯ ಕೇಳಿದರೆ, 300 ರೂಪಾಯಿ ಇಯರ್‌ಫೋನ್‌ಗೆ 1915ರಲ್ಲೇ ನಿಲ್ಲಿಸಿ. ನಿಮ್ಮ 11,500ಕ್ಕೆ ಮಾತ್ರ ಬಿಡಬೇಡಿ.

ಪ್ರಶ್ನೆ: ನಾನು ಹಾಸನದವಳು. ಇನ್‌ಸ್ಟಾಗ್ರಾಮ್ ಪೇಜಿನಲ್ಲಿ ಸೀರೆ ನೋಡಿ 2,400 ರೂಪಾಯಿ ಯುಪಿಐ ಮಾಡಿದೆ. ನಾಳೆ ಕಳಿಸ್ತೀವಿ ಅಂತಿದ್ದವರು ಈಗ ನನ್ನನ್ನೇ ಬ್ಲಾಕ್ ಮಾಡಿದ್ದಾರೆ. ಮನೇಲಿ ಇನ್ನೂ ಹೇಳಿಲ್ಲ.

ಉತ್ತರ: ಇದನ್ನು ಪಾರ್ಸಲ್ ತಡ ಆಗಿದೆ ಅಂತ ನೋಡಬೇಡಿ. ದುಡ್ಡು ತಗೊಂಡು ಬ್ಲಾಕ್ ಮಾಡಿದರೆ ಅದು ಮೋಸ. ಈಗಲೇ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ದುಡ್ಡು ಅವರ ಖಾತೆಯಿಂದ ಇನ್ನೊಂದಕ್ಕೆ ಜಾರುವ ಮೊದಲೇ ತಡೆಹಿಡಿಸಬೇಕು, ಹಾಗಾಗಿ ಇಲ್ಲಿ ಗಂಟೆಗಳ ಲೆಕ್ಕ. ಯುಪಿಐ ಆ್ಯಪಿನಲ್ಲಿ ಆ ಪಾವತಿ ತೆರೆದರೆ 12 ಅಂಕಿಯ ಯುಟಿಆರ್ ನಂಬರ್ ಸಿಗುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಚಾಟ್, ಸೀರೆಯ ಫೋಟೋ, ಪೇಜಿನ ಹೆಸರು ಎಲ್ಲದರ ಸ್ಕ್ರೀನ್‌ಶಾಟ್ ಇಡಿ. ಅವರ ಪೇಜ್ ನಿಮಗೆ ಕಾಣದಿದ್ದರೆ ಗೆಳತಿಯ ಮೊಬೈಲಿನಿಂದ ನೋಡಿ. ಬ್ಯಾಂಕಿಗೂ ತಿಳಿಸಿ. ಹಾಸನದಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ (ಸಿಇಎನ್) ಪೊಲೀಸ್ ಠಾಣೆಯಿದೆ, ಅಲ್ಲಿಗೂ ಹೋಗಬಹುದು.

ದುಡ್ಡು ಖಂಡಿತ ಬರುತ್ತದೆ ಅಂತ ನಾನು ಹೇಳಲಾರೆ. ಇನ್ನು ಕೆಲವು ದಿನದಲ್ಲಿ ‘ರೀಫಂಡ್ ಕೊಡಿಸ್ತೀವಿ ಮೇಡಂ’ ಅಂತ ಇನ್ಯಾರೋ ಫೋನ್ ಮಾಡಬಹುದು, ಎಚ್ಚರ. ದುಡ್ಡು ಪಡೆಯುವುದಕ್ಕೆ ಪಿನ್ ಒತ್ತಬೇಕಾಗಿಲ್ಲ, ಪಿನ್ ಕೇಳಿದರು ಅಂದರೆ ಮತ್ತೆ ನಿಮ್ಮಿಂದಲೇ ಕೀಳುತ್ತಿದ್ದಾರೆ. ಮನೆಯಲ್ಲಿ ಹೇಳಿಬಿಡಿ. ಬೈಸಿಕೊಳ್ಳುವ ಭಯಕ್ಕೆ ದೂರನ್ನೇ ಕೊಡದೆ ಇರುವವರಿಂದಲೇ ಇಂಥ ಪೇಜುಗಳು ನಡೆಯುತ್ತಿರುವುದು.

ಪ್ರಶ್ನೆ: ಸಕಲೇಶಪುರದಲ್ಲಿದ್ದೇವೆ. ಸ್ಪೀಡ್ ಪೋಸ್ಟ್‌ನಲ್ಲಿ ಬರಬೇಕಿದ್ದ ಪುಸ್ತಕ ಎರಡು ವಾರದಿಂದ ಎಲ್ಲೋ ನಿಂತಿದೆ. ಈಗ ‘ವಿಳಾಸ ಸರಿಯಿಲ್ಲ, ಈ ಲಿಂಕ್ ಒತ್ತಿ ಸರಿಮಾಡಿ’ ಅಂತ ಮೆಸೇಜ್ ಬಂದಿದೆ. ಒತ್ತಬಹುದಾ?

ಉತ್ತರ: ಒತ್ತಬೇಡಿ. ಅಂಚೆ ಇಲಾಖೆಯ ಹೆಸರಿನಲ್ಲಿ ಇಂಥ ಸುಳ್ಳು ಮೆಸೇಜ್‌ಗಳು ಓಡಾಡುತ್ತಿವೆ, ಲಿಂಕ್ ಒತ್ತಿದರೆ ಕಾರ್ಡಿನ ವಿವರ ಕೇಳುತ್ತದೆ. ನಿಮ್ಮ ಹತ್ತಿರ ಇರುವ ಟ್ರ್ಯಾಕಿಂಗ್ ನಂಬರನ್ನು (ಮೊದಲು ಎರಡು ಇಂಗ್ಲಿಷ್ ಅಕ್ಷರ, ಆಮೇಲೆ 9 ಅಂಕಿ, ಕೊನೆಗೆ ಐ ಮತ್ತು ಎನ್) ಇಂಡಿಯಾ ಪೋಸ್ಟ್‌ನ ಸೈಟಿನಲ್ಲೇ ಹಾಕಿ ನೋಡಿ. ನಿಮ್ಮ ಅಂಚೆಯಣ್ಣನನ್ನೂ ಕೇಳಿ, ಸ್ಕ್ರೀನ್ ಹೇಳದ್ದು ಅವರಿಗೆ ಗೊತ್ತಿರುತ್ತದೆ. ಮೇಲೆ ದೂರು ಹಾಕಬೇಕಾದರೆ 1800 266 6868.

ಭಾರಿ ಮಳೆ, ಗುಡ್ಡ ಕುಸಿತದಂಥ ಕಾರಣಕ್ಕೆ ತಡವಾದರೆ, ತಡ ಆಯಿತು ಅನ್ನುವುದೊಂದೇ ಕಾರಣಕ್ಕೆ ಮಾರಿದವರನ್ನು ರೀಫಂಡ್ ಕೇಳಲು ಬರುವುದಿಲ್ಲ. ಮೇಲೆ ಹೇಳಿದ ಇ-ಕಾಮರ್ಸ್ ನಿಯಮದಲ್ಲೇ ಆ ವಿನಾಯಿತಿ ಇದೆ. ಪಾರ್ಸಲ್ ಕಳೆದೇ ಹೋಗಿದ್ದರೆ ಮಾತು ಬೇರೆ. ಆಗ ಕೇಳಬೇಕಾದದ್ದು ಪುಸ್ತಕ ಮಾರಿದವರನ್ನು. ವಿಮೆ ಮಾಡಿಸದ ಪಾರ್ಸಲ್‌ಗೆ ಅಂಚೆಯಿಂದ ಸಿಗುವ ಪರಿಹಾರ ತೀರಾ ಕಡಿಮೆ. ಹಾಗೇ ಆರ್ಡರಿನಲ್ಲಿ ಪಿನ್‌ಕೋಡ್ ಒಮ್ಮೆ ನೋಡಿಬಿಡಿ. ಸಕಲೇಶಪುರ 573134, ಮೂಡಿಗೆರೆ 577132. ಗಡಿ ಊರುಗಳವರು 573 ಇರುವ ಕಡೆ 577 ಅಂತ ಹಾಕಿದರೆ ಪಾರ್ಸಲ್ ಪಕ್ಕದ ಜಿಲ್ಲೆ ಸುತ್ತಿಕೊಂಡು ಬರುತ್ತದೆ.